ಹಿಮದ ಯಾತ್ರೆಗೆ ಉಗ್ರಾಣದ ಬೀಗದ ಕೈ ಯಾರ ಹತ್ತಿರ?

ಮಾನ್ಯ ಭೂ ವಿಜ್ಞಾನ ಸಚಿವರಿಗೆ, ಮತ್ತು ಗೋವಾದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದ ಹಿರಿಯರಿಗೆ,

ನಮಸ್ಕಾರ.

ನಾನು ವಿಜ್ಞಾನಿ ಅಲ್ಲ. ಮಂಗಳೂರಿನ ಒಂದು ಕ್ಲಿಯರಿಂಗ್ ಕಚೇರಿಯಲ್ಲಿ 31 ವರ್ಷ ದುಡಿದು ನಿವೃತ್ತನಾದವನು. ಪಣಂಬೂರಿನ ಬಂದರಿಗೆ ಬರುವ ಮಾಲಿನ ಕಾಗದಪತ್ರ ನೋಡುವುದು, ಕಸ್ಟಮ್ಸ್‌ನವರ ಹತ್ತಿರ ಮುದ್ರೆ ಹಾಕಿಸುವುದು, ಪೆಟ್ಟಿಗೆ ಎಣಿಸಿ ಲಾರಿಗೆ ಹತ್ತಿಸುವುದು ನನ್ನ ಕೆಲಸವಾಗಿತ್ತು. ನನ್ನ ಅಕ್ಕನ ಮೊಮ್ಮಗಳು ಸಾಗರ ವಿಜ್ಞಾನ ಓದುತ್ತಿದ್ದಾಳೆ. "ಅಜ್ಜ, ನಾನು ಒಂದು ದಿನ ಹಿಮಾದ್ರಿಗೆ ಹೋಗ್ತೇನೆ" ಅಂತ ಹೇಳಿದಳು. ಹಿಮಾದ್ರಿ ಅಂದರೆ ಏನು ಅಂತ ಕೇಳಿದೆ. ಉತ್ತರ ಧ್ರುವದ ಕಡೆ ನಮ್ಮ ದೇಶದ ಸಂಶೋಧನಾ ಕೇಂದ್ರ ಅಂತ ತಿಳಿಯಿತು. ಆಮೇಲೆ ಸುಮ್ಮನೆ ಕೂರಲು ಆಗಲಿಲ್ಲ. ಎರಡು ವರ್ಷದಿಂದ ಉತ್ತರ ಧ್ರುವದ ಕಡೆಗೆ ಹೋದವರ ಕಥೆಗಳನ್ನು ಓದುತ್ತಿದ್ದೇನೆ. ಈ ಪತ್ರ ಆ ಓದಿನಿಂದ ಹುಟ್ಟಿದ್ದು.

ಓದುವಾಗ ನನ್ನ ಕಣ್ಣು ಹೋಗಿದ್ದು ಹಿಮಕರಡಿಯ ಕಡೆಗಲ್ಲ. ಹಡಗು ಬಾಡಿಗೆಗೆ ಹಿಡಿದವರು ಯಾರು, ದುಡ್ಡು ಕೊಟ್ಟವರು ಯಾರು, ಅಪ್ಪಣೆ ಬರೆದವರು ಯಾರು, ಹಡಗು ಬಾರದೆ ಹೋದಾಗ ದಡದಲ್ಲಿ ಯಾರ ಬಾಗಿಲು ತಟ್ಟಬೇಕಿತ್ತು ಅಂತ ಹುಡುಕುತ್ತಾ ಹೋದೆ. ನಮ್ಮ ಕಡೆ ಮದುವೆಗೆ ಹೋದವರೆಲ್ಲ ಮದುಮಕ್ಕಳನ್ನು ನೋಡುತ್ತಾರೆ. ಉಗ್ರಾಣದ ಬೀಗದ ಕೈ ಯಾರ ಸೊಂಟದಲ್ಲಿದೆ ಅಂತ ನೋಡುವವರು ಕಡಿಮೆ. ಊಟದ ಹೊತ್ತಿಗೆ ಅಕ್ಕಿ ಸಾಲದೆ ಬಂದಾಗ ಮಾತ್ರ ಎಲ್ಲರೂ ಅವನನ್ನೇ ಹುಡುಕುತ್ತಾರೆ, ಅಲ್ವಾ? ಧ್ರುವ ಯಾತ್ರೆಯಲ್ಲೂ ಹಾಗೇ ಆಗಿದೆ. ಅಲ್ಲಿ ಊಟ ಸಾಲದೆ ಬಂದರೆ ಜನ ಸಾಯುತ್ತಾರೆ, ಅಷ್ಟೇ ವ್ಯತ್ಯಾಸ.

ಒಂದು ಕಥೆಯನ್ನು ನಿಧಾನವಾಗಿ ಹೇಳುತ್ತೇನೆ. ನಿಮಗೆ ಗೊತ್ತಿರುವ ಕಥೆಯೇ ಇರಬಹುದು. ಆದರೂ ಬಂದರಿನ ಗುಮಾಸ್ತನ ಕಣ್ಣಿಂದ ಒಮ್ಮೆ ನೋಡಿ.

1881. ಹಲವು ದೇಶಗಳು ಸೇರಿ ಧ್ರುವಗಳ ಅಧ್ಯಯನ ಮಾಡಿದ ಮೊದಲ ಅಂತಾರಾಷ್ಟ್ರೀಯ ಧ್ರುವ ವರ್ಷಕ್ಕಾಗಿ ಅಮೆರಿಕದ ಸೈನ್ಯ ಅಡಾಲ್ಫಸ್ ಗ್ರೀಲಿ ಎಂಬ ಅಧಿಕಾರಿಯನ್ನು ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದ ಲೇಡಿ ಫ್ರಾಂಕ್ಲಿನ್ ಕೊಲ್ಲಿಗೆ ಕಳಿಸಿತು. ಅವನೂ ಸೇರಿ ಒಟ್ಟು 25 ಜನ. ಗಾಳಿ, ಚಳಿ, ಭೂಮಿಯ ಕಾಂತಶಕ್ತಿ ಅಳೆಯುವುದು ಕೆಲಸ. ಅಮೆರಿಕದ ಸಂಸತ್ತು ಕೊಟ್ಟ ದುಡ್ಡು 25,000 ಡಾಲರ್. ಅದರಲ್ಲಿ 19,000 ಡಾಲರ್ ಪ್ರೋಟಿಯಸ್ ಎಂಬ ಹಡಗಿನ ಬಾಡಿಗೆಗೇ ಹೋಯಿತು. ಈ ಲೆಕ್ಕ ಓದಿದಾಗಲೇ ನನಗೆ ಕೈಕಾಲು ತಣ್ಣಗಾಯಿತು. ಬಾಡಿಗೆಗೇ ಮುಕ್ಕಾಲು ಪಾಲು ಹೋದ ಮೇಲೆ ಅವರನ್ನು ವಾಪಸ್ ತರುವುದಕ್ಕೆ ಏನು ಉಳಿಯಿತು? ಪ್ರತಿ ಸಲವೂ ಸಂಸತ್ತಿನ ಮುಂದೆ ಕೈ ಚಾಚಬೇಕು.

1882ರಲ್ಲಿ ನೆಪ್ಚೂನ್ ಎಂಬ ಹಡಗು ಸಾಮಾನು ಹೊತ್ತು ಹೊರಟಿತು. ಅದರ ಮೇಲ್ವಿಚಾರಣೆ ಕೊಟ್ಟಿದ್ದು ಕಚೇರಿಯ ಒಬ್ಬ ಕಾರ್ಯದರ್ಶಿಗೆ. ಮಂಜುಗಡ್ಡೆ ದಾರಿ ಬಿಡಲಿಲ್ಲ. ಅದು ಯಾರ ತಪ್ಪೂ ಅಲ್ಲ. ಆದರೆ ವಾಪಸ್ ಹೊರಡುವಾಗ ಅವರು ಗ್ರೀಲಿ ಇದ್ದ ಜಾಗಕ್ಕಿಂತ ಎಷ್ಟೋ ದಕ್ಷಿಣದ ಕೇಪ್ ಸೇಬಿನ್‌ನಲ್ಲಿ 250 ಪಡಿ, ಲಿಟಲ್‌ಟನ್ ದ್ವೀಪದಲ್ಲಿ 250 ಪಡಿ ಇಳಿಸಿ, ಮಿಕ್ಕಿದ್ದನ್ನೆಲ್ಲ ಹೊತ್ತುಕೊಂಡು ನ್ಯೂಫೌಂಡ್‌ಲ್ಯಾಂಡ್‌ಗೆ ಮರಳಿದರು. ಒಂದು ಪಡಿ ಅಂದರೆ ಒಬ್ಬನಿಗೆ ಒಂದು ದಿನದ ಊಟ. 25 ಜನಕ್ಕೆ 250 ಪಡಿ ಅಂದರೆ ಹತ್ತು ದಿನ. ಹೊಟ್ಟೆ ತುಂಬಾ ಸಾಮಾನಿದ್ದ ಹಡಗು ಹತ್ತು ಹತ್ತು ದಿನದ ಊಟ ಇಳಿಸಿ ಮನೆಗೆ ಹೋಯಿತು. ಯಾಕೆ? ಅಪ್ಪಣೆಯಲ್ಲಿ ಹಾಗೇ ಬರೆದಿತ್ತು. ಬರೆದದ್ದನ್ನು ಅವರು ಪಾಲಿಸಿದರು.

1883ರಲ್ಲಿ ಮತ್ತೆ ಪ್ರೋಟಿಯಸ್. ಈ ಸಲ ಗಾರ್ಲಿಂಗ್‌ಟನ್ ಎಂಬ ಅಶ್ವದಳದ ಅಧಿಕಾರಿ. ಅವನಿಗೆ ಕೊಟ್ಟ ಅಪ್ಪಣೆಯ ಲಕೋಟೆಯಲ್ಲಿ ಇನ್ನೊಂದು ಹಾಳೆ ಇತ್ತು. ಸಹಿ ಇಲ್ಲದ ಹಾಳೆ. ಮೇಲೆ ಹೋಗುವ ದಾರಿಯಲ್ಲೇ ಲಿಟಲ್‌ಟನ್ ದ್ವೀಪದಲ್ಲಿ ಸಾಮಾನು ಇಳಿಸಬೇಕು ಅಂತ ಅದರಲ್ಲಿತ್ತು. ಮೂಲ ಅಪ್ಪಣೆಯಲ್ಲಿ ಹಾಗೆ ಇರಲಿಲ್ಲ. ಅವನು ಕೇಳಿದ. ಅದು ಅಪ್ಪಣೆಯ ಭಾಗವಲ್ಲ ಅಂತ ಉತ್ತರ ಬಂತು. ಸರಿ, ಹೊರಟ. ಜುಲೈ 22ರಂದು ಕೇಪ್ ಸೇಬಿನ್ ಹತ್ತಿರ ಕೆಲವು ಗಂಟೆ ನಿಂತ. ಸಾಮಾನು ಇಳಿಸಲಿಲ್ಲ, ಮುಂದೆ ಹೋದ. ಮಾರನೇ ದಿನ ಮಂಜುಗಡ್ಡೆಗಳು ಎರಡೂ ಕಡೆಯಿಂದ ಒತ್ತಿ ಹಡಗನ್ನು ಅಪ್ಪಚ್ಚಿ ಮಾಡಿದವು. ಪ್ರೋಟಿಯಸ್ ಮುಳುಗಿತು. ಕೈಗೆ ಸಿಕ್ಕಿದ್ದರಲ್ಲಿ ಸುಮಾರು 500 ಪಡಿ ದಡದಲ್ಲಿಟ್ಟು ಅವರು ಸಣ್ಣ ದೋಣಿಗಳಲ್ಲಿ ದಕ್ಷಿಣಕ್ಕೆ ಹೋದರು. ಜೊತೆಗೆ ಬರಬೇಕಿದ್ದ ನೌಕಾಪಡೆಯ ಯಾಂಟಿಕ್ ಹಡಗು ಹಿಂದೆ ಉಳಿದಿತ್ತು. ಅವರಿಗೂ ಇವರಿಗೂ ದಾರಿಯಲ್ಲಿ ಭೇಟಿಯೇ ಆಗಲಿಲ್ಲ.

ಆ ಸಹಿ ಇಲ್ಲದ ಹಾಳೆಯ ಬಗ್ಗೆ ಆಮೇಲೆ ವಿಚಾರಣೆಯೇ ನಡೆಯಿತು. ನಾನು ಅದನ್ನು ಓದಿ ಎರಡು ದಿನ ಸರಿಯಾಗಿ ನಿದ್ದೆ ಮಾಡಲಿಲ್ಲ. ಯಾಕೆಂದರೆ ಅಂಥ ಹಾಳೆಯನ್ನು ನಾನು ನೋಡಿದ್ದೇನೆ.

ಬಹಳ ವರ್ಷದ ಹಿಂದಿನ ಮಾತು. ಒಂದು ಕಾಲೇಜಿಗೆ ಹೊರದೇಶದಿಂದ ಸೂಕ್ಷ್ಮದರ್ಶಕ ಬಂದಿತ್ತು. ಇನ್‌ವಾಯ್ಸ್‌ನಲ್ಲಿ ಮೂರು ಪೆಟ್ಟಿಗೆ, ಪ್ಯಾಕಿಂಗ್ ಲಿಸ್ಟ್‌ನಲ್ಲಿ ನಾಲ್ಕು. ಶೆಡ್ಡಿನಲ್ಲಿ ಎಣಿಸಿದರೆ ನಾಲ್ಕು. ತಿದ್ದುಪಡಿ ಪತ್ರಕ್ಕೆ ಒಂದು ಸಹಿ ಬೇಕು, ಅಷ್ಟೇ. ಪ್ರಿನ್ಸಿಪಾಲರು ವಿಭಾಗದ ಮುಖ್ಯಸ್ಥರನ್ನು ಕೇಳಿ ಅಂದರು. ಅವರು ಆಫೀಸಿಗೆ ಕಳಿಸಿದರು. ಆಫೀಸಿನವರು "ಆರ್ಡರ್ ಹಾಕಿದವರು ವರ್ಗ ಆಗಿ ಹೋಗಿದ್ದಾರೆ" ಅಂದರು. ಜುಲೈ ತಿಂಗಳು. ಕರಾವಳಿಯ ಜುಲೈ ಹೇಗಿರುತ್ತದೆ ನಿಮಗೆ ಗೊತ್ತು. 23 ದಿನ ಆ ಪೆಟ್ಟಿಗೆಗಳು ಶೆಡ್ಡಿನಲ್ಲಿ ಕೂತವು. ಮಾಲು ಬಿಡಿಸಿಕೊಳ್ಳದೆ ಇಟ್ಟಿದ್ದಕ್ಕೆ ಕಟ್ಟಬೇಕಾದ ಡೆಮರೇಜ್ ಏರುತ್ತಾ ಹೋಯಿತು. ಕೊನೆಗೆ ಬಿಚ್ಚಿದಾಗ ಗಾಜಿನ ಮೇಲೆ ಜೇಡರ ಬಲೆಯ ಹಾಗೆ ಬೂಸ್ಟು ಕಟ್ಟಿತ್ತು. ಚಿಕ್ಕ ವಯಸ್ಸಿನ ಒಬ್ಬ ಲೆಕ್ಚರರ್ ಅದನ್ನು ಪಂಚೆಯ ಅಂಚಿನಿಂದ ಒರೆಸುತ್ತಾ ಕೂತಿದ್ದರು. ಅದು ಹೋಗಲಿಲ್ಲ. ಅಲ್ಲಿ ಯಾರೂ ಕೆಟ್ಟವರಿರಲಿಲ್ಲ. ಸಹಿ ಯಾರದ್ದು ಅಂತ ಮೊದಲೇ ಯಾರೂ ಬರೆದಿಡಲಿಲ್ಲ, ಅಷ್ಟೇ. ಒಂದು ಸೂಕ್ಷ್ಮದರ್ಶಕ ಹೋಯಿತು, ಜೀವ ಹೋಗಲಿಲ್ಲ.

ಗ್ರೀಲಿಯ ಕಡೆಯವರದು ಜೀವವೇ ಹೋಯಿತು. ಎರಡು ವರ್ಷ ಯಾವ ಹಡಗೂ ಬಾರದ್ದರಿಂದ, ಅಪ್ಪಣೆಯಲ್ಲಿದ್ದ ಹಾಗೆ ಅವರು 1883ರ ಆಗಸ್ಟ್ 9ರಂದು ತಮ್ಮ ಮನೆ ಬಿಟ್ಟು ದೋಣಿಗಳಲ್ಲಿ ದಕ್ಷಿಣಕ್ಕೆ ಹೊರಟರು. ಬಿಟ್ಟು ಬಂದ ಜಾಗದಲ್ಲಿ ಇನ್ನೂ ತಿನ್ನಲು ಇತ್ತು. ಹೋದ ಜಾಗದಲ್ಲಿ ಇರಲಿಲ್ಲ. ಕೇಪ್ ಸೇಬಿನ್ ಹತ್ತಿರ ಕಲ್ಲು ಜೋಡಿಸಿ ಗೋಡೆ ಮಾಡಿ, ದೋಣಿಯನ್ನೇ ಮಗುಚಿ ಸೂರು ಮಾಡಿಕೊಂಡು ಚಳಿಗಾಲ ಕಳೆದರು. ಸೀಗಡಿಗಿಂತ ಚಿಕ್ಕ ಹುಳದಂಥ ಜೀವಿಗಳನ್ನು ಬಲೆ ಹಾಕಿ ಹಿಡಿದರು. ಬಂಡೆಯ ಮೇಲಿನ ಕಲ್ಲುಹೂವು ಕೆರೆದು ತಿಂದರು. ತೊಗಲು ಬೇಯಿಸಿದರು. ಊಟ ಕದ್ದ ಒಬ್ಬನನ್ನು ಗುಂಡಿಟ್ಟು ಕೊಲ್ಲಬೇಕಾಯಿತು.

ಅದೇ ಹೊತ್ತಿಗೆ ವಾಷಿಂಗ್ಟನ್‌ನಲ್ಲಿ ಏನು ನಡೆಯುತ್ತಿತ್ತು? ಹಡಗು ಮುಳುಗಿದ ಸುದ್ದಿ ಸೆಪ್ಟೆಂಬರ್‌ನಲ್ಲಿ ತಲುಪಿತು. ಇನ್ನೊಂದು ಹಡಗು ಕಳಿಸೋಣ ಅಂತ, ಈ ಯಾತ್ರೆಯನ್ನು ನೋಡಿಕೊಳ್ಳುತ್ತಿದ್ದ ಸೈನ್ಯದ ಸಿಗ್ನಲ್ ವಿಭಾಗದ ಮುಖ್ಯಸ್ಥ ಹೇಜನ್ ಹೇಳಿದ. ಋತು ಮುಗಿಯಿತು, ಈಗ ಆಗುವುದಿಲ್ಲ ಅಂತ ಯುದ್ಧ ಸಚಿವ ರಾಬರ್ಟ್ ಲಿಂಕನ್ ತೀರ್ಮಾನಿಸಿದ. ಅಬ್ರಹಾಂ ಲಿಂಕನ್‌ರ ಮಗನೇ ಅವನು. ತಪ್ಪು ಯಾರದ್ದು ಅನ್ನುವ ಜಗಳ ವರ್ಷಗಟ್ಟಲೆ ನಡೆದು, ಸಚಿವರನ್ನು ಟೀಕಿಸಿದ್ದಕ್ಕೆ ಹೇಜನ್‌ನನ್ನೇ ಸೈನಿಕ ನ್ಯಾಯಾಲಯಕ್ಕೆ ಎಳೆದರು. ಸ್ಯಾನ್ ಡಿಯಾಗೋದಲ್ಲಿ ಎರಡು ಪುಟ್ಟ ಹೆಣ್ಣುಮಕ್ಕಳನ್ನು ಇಟ್ಟುಕೊಂಡಿದ್ದ ಗ್ರೀಲಿಯ ಹೆಂಡತಿ ಹೆನ್ರಿಯೆಟ್ಟಾ ಕಾಗದದ ಮೇಲೆ ಕಾಗದ ಬರೆದಳು. ಪತ್ರಿಕೆಗಳಿಗೆ, ಸಂಸದರಿಗೆ, ಗೊತ್ತಿದ್ದವರಿಗೆಲ್ಲ ಬರೆದಳು. ಆ ಯಾತ್ರೆಯ ನಿಜವಾದ ದಡದ ವ್ಯವಸ್ಥಾಪಕಿ ಅವಳೇ ಅಂತ ನನಗೆ ಅನ್ನಿಸುತ್ತದೆ. ಸಂಬಳ ಇಲ್ಲ, ಅಧಿಕಾರ ಇಲ್ಲ, ಕುರ್ಚಿ ಇಲ್ಲ. ಗಂಡ ಬದುಕಿದ್ದಾನೋ ಇಲ್ಲವೋ ಅನ್ನುವುದೂ ಗೊತ್ತಿಲ್ಲ. ಕೊನೆಗೆ ಸರ್ಕಾರ ಎಚ್ಚೆತ್ತಿತು. ಥೆಟಿಸ್, ಬೇರ್ ಎಂಬ ಹಡಗುಗಳನ್ನು ಕೊಂಡರು, ಬ್ರಿಟನ್ ಅಲರ್ಟ್ ಎಂಬ ಹಡಗನ್ನು ಕೊಟ್ಟಿತು. ಗ್ರೀಲಿಯನ್ನು ಪತ್ತೆ ಮಾಡಿದ ಖಾಸಗಿ ಹಡಗಿಗೆ 25,000 ಡಾಲರ್ ಬಹುಮಾನ ಅಂತ ಸಾರಿದರು. ಇಡೀ ಯಾತ್ರೆಗೆ ಮೊದಲು ಕೊಟ್ಟಿದ್ದೂ ಅಷ್ಟೇ ದುಡ್ಡು.

1884ರ ಜೂನ್ 22ರಂದು ಶ್ಲೈ ಎಂಬ ನೌಕಾಧಿಕಾರಿಯ ಜನ ಅಲ್ಲಿಗೆ ತಲುಪಿದಾಗ ಗುಡಾರ ಕುಸಿದು ಬಿದ್ದಿತ್ತು. ಬಟ್ಟೆ ಕೊಯ್ದು ಒಳಗೆ ನೋಡಿದರು. ಏಳು ಜನ ಉಸಿರಾಡುತ್ತಿದ್ದರು. ಅವರಲ್ಲಿ ಎಲಿಸನ್ ಎಂಬವನಿಗೆ ಚಳಿ ಕಡಿದು ಕೈಯೂ ಇರಲಿಲ್ಲ, ಕಾಲೂ ಇರಲಿಲ್ಲ. ಅವನ ಬಲಗೈಯ ಮೋಟಿಗೆ ಯಾರೋ ಒಂದು ಚಮಚ ಕಟ್ಟಿದ್ದರು, ಅವನು ತಾನೇ ತಿನ್ನಲಿ ಅಂತ. ತಿನ್ನಲು ಇಲ್ಲದ ಜಾಗದಲ್ಲಿ, ತಾವೇ ಸಾಯುತ್ತಿದ್ದವರು, ಇನ್ನೊಬ್ಬನ ಕೈಗೆ ಚಮಚ ಕಟ್ಟಿದ್ದರು. ಅವನು ಮನೆಗೆ ಹೋಗುವ ದಾರಿಯಲ್ಲಿ ಜುಲೈ 8ರಂದು ತೀರಿಕೊಂಡ. 25ರಲ್ಲಿ ಮನೆ ಮುಟ್ಟಿದ್ದು ಆರು ಜನ.

ಆ ಚಮಚವನ್ನು ನೆನೆದುಕೊಂಡೇ ನಾನು ಈ ಪತ್ರ ಬರೆಯುತ್ತಿದ್ದೇನೆ.

ಹತ್ತೇ ವರ್ಷದ ನಂತರ ಇನ್ನೊಂದು ಯಾತ್ರೆ ಹೋಯಿತು. ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್ 1893ರಲ್ಲಿ ಫ್ರಾಮ್ ಹಡಗಿನಲ್ಲಿ 13 ಜನರ ತಂಡ ಕಟ್ಟಿಕೊಂಡು ಹೊರಟು, ಬೇಕಂತಲೇ ಮಂಜುಗಡ್ಡೆಗೆ ಸಿಕ್ಕಿಕೊಂಡು, ಮೂರು ವರ್ಷ ತೇಲಿ, 1896ರಲ್ಲಿ ಹದಿಮೂರೂ ಜನ ಜೀವಂತ ವಾಪಸ್ ಬಂದರು. ಹಡಗಿನ ತಳದ ಆಕಾರದ ಬಗ್ಗೆ ಎಲ್ಲರೂ ಬರೆಯುತ್ತಾರೆ. ಕಾಲಿನ್ ಆರ್ಚರ್ ಕಟ್ಟಿದ ಆ ಹಡಗು ದೊಡ್ಡದೇ ವಿಷಯ, ಒಪ್ಪುತ್ತೇನೆ. ನನಗೆ ಜಾಸ್ತಿ ಹಿಡಿಸಿದ್ದು ಆ ಯಾತ್ರೆಯ ಖರ್ಚಿನ ಪಟ್ಟಿ. ನಾರ್ವೆಯ ಸಂಸತ್ತು ಎರಡು ಸಲ ಸೇರಿ 2,80,000 ಕ್ರೋನರ್ ಕೊಟ್ಟಿತು. ಸ್ವೀಡನ್ನಿನ ಜೊತೆ ಒಂದೇ ರಾಜನ ಕೆಳಗಿದ್ದ ನಾರ್ವೆಗೆ ಇದು ಮಾನದ ಪ್ರಶ್ನೆಯೂ ಆಗಿತ್ತು. ರಾಜ ಆಸ್ಕರ್ 20,000 ಕೊಟ್ಟ. ಮಿಕ್ಕಿದ್ದನ್ನು ವ್ಯಾಪಾರಿಗಳು, ಸಾಮಾನ್ಯರು ಸೇರಿಸಿದರು. ದುಡ್ಡು ನೋಡಿಕೊಳ್ಳಲು ದಡದಲ್ಲಿ ಒಂದು ಸಮಿತಿ ಇತ್ತು. ಒಟ್ಟು ಖರ್ಚು 4,44,339 ಕ್ರೋನರ್ ಅಂತ ನಾನ್ಸೆನ್ ತನ್ನ ಪುಸ್ತಕದಲ್ಲೇ ಬಾಬತ್ತು ಬಾಬತ್ತಾಗಿ ಅಚ್ಚು ಹಾಕಿದ್ದಾನೆ. ಹಡಗಿಗೆ ಎಷ್ಟು, ದಿನಸಿಗೆ ಎಷ್ಟು, ಉಪಕರಣಕ್ಕೆ ಎಷ್ಟು. ಅದರಲ್ಲಿ ಒಂದು ಸಾಲು ಹೀಗಿದೆ: ಮದುವೆಯಾದ ಸದಸ್ಯರ ಜೀವವಿಮೆಯ ಕಂತು. ಐದು ಸಾವಿರ ಕ್ರೋನರ್‌ಗಿಂತ ಸ್ವಲ್ಪ ಜಾಸ್ತಿ. ಹೊರಡುವ ಮೊದಲೇ ಹಿಂದೆ ಉಳಿದವರ ಯೋಚನೆಯನ್ನು ಲೆಕ್ಕಕ್ಕೆ ಹಾಕಿದ್ದರು. ಹಡಗಿಗೆ ಏನಾದರೂ ಆದರೆ ಇರಲಿ ಅಂತ ರಷ್ಯಾದ ಕಡೆಯ ನ್ಯೂ ಸೈಬೀರಿಯನ್ ದ್ವೀಪಗಳಲ್ಲಿ, ಬ್ಯಾರನ್ ಟೋಲ್ ಎಂಬ ರಷ್ಯಾದ ಶೋಧಕ ನಾನ್ಸೆನ್‌ನ ತಂಡಕ್ಕಾಗಿ ಊಟದ ದಾಸ್ತಾನು ಇಟ್ಟು ಬಂದಿದ್ದ. ಅದು ಬೇಕಾಗಲೇ ಇಲ್ಲ. ಬೇಕಾಗದೆ ಉಳಿದ ದಾಸ್ತಾನನ್ನು ದಂಡ ಅಂತ ಬರೆಯುವ ಲೆಕ್ಕಿಗರು ಇರುತ್ತಾರೆ. ಅಂಥವರ ಮಾತನ್ನು ದಯವಿಟ್ಟು ಕೇಳಬೇಡಿ.

ಈಗ ನಮ್ಮ ಹಿಮಾದ್ರಿಗೆ ಬರುತ್ತೇನೆ.

ನಾರ್ವೆಯ ಉತ್ತರಕ್ಕಿರುವ ಸ್ವಾಲ್ಬಾರ್ಡ್ ದ್ವೀಪಗಳ ನ್ಯೂ-ಓಲೆಸುಂಡ್ ಎಂಬ ಪುಟ್ಟ ಊರಿನಲ್ಲಿ 2008ರ ಜುಲೈ 1ರಂದು ನಮ್ಮ ಹಿಮಾದ್ರಿ ಕೇಂದ್ರ ಶುರುವಾಯಿತು. ಹಿಂದಿನ ವರ್ಷ ಐದು ವಿಜ್ಞಾನಿಗಳು ಮೊದಲ ಸಲ ಹೋಗಿ ಬಂದಿದ್ದರು. 2014ರಲ್ಲಿ ಅಲ್ಲಿಯ ಕಾಂಗ್ಸ್‌ಫ್ಯೂರ್ಡ್ ಎಂಬ ಕಡಲ ಕೊಲ್ಲಿಯ ನೀರಿನೊಳಗೆ, ಸಮುದ್ರದ ಬಿಸಿ, ಉಪ್ಪು ಅಳೆಯುವ ಇಂಡ್‌ಆರ್ಕ್ ಉಪಕರಣಗಳನ್ನು ಇಳಿಸಿದಿರಿ. 2022ರ ಮಾರ್ಚ್‌ನಲ್ಲಿ ದೇಶದ ಆರ್ಕ್ಟಿಕ್ ನೀತಿ ಬಂತು. 2023ರ ಡಿಸೆಂಬರ್‌ನಲ್ಲಿ ಮೊದಲ ಚಳಿಗಾಲದ ತಂಡ ಹೊರಟಿತು. ಅದರಲ್ಲಿ ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು ಅಂತ ಓದಿ ಎದೆ ತುಂಬಿ ಬಂತು. ಆ ಊರಿನ ಸುತ್ತ 20 ಕಿಲೋಮೀಟರ್ ವೈಫೈ, ಬ್ಲೂಟೂತ್ ಹಾಕುವಂತಿಲ್ಲ. ರೇಡಿಯೋ ಸದ್ದಿಲ್ಲದ ಜಾಗ. ಆಕಾಶದ ಬಹಳ ಹಳೆಯ, ಬಹಳ ಸಣ್ಣ ಸದ್ದು ಕೇಳಬೇಕೆನ್ನುವವರಿಗೆ ಅದು ಎಂಥ ಜಾಗ ಅಂತ ನೋಡಲು ಅವರು ಹೋಗಿದ್ದರು. ಸೂರ್ಯನೇ ಹುಟ್ಟದ ತಿಂಗಳುಗಳಲ್ಲಿ, ಊರಿನ ಗಡಿ ದಾಟಿದರೆ ಹಿಮಕರಡಿಗಾಗಿ ಬಂದೂಕು ಹಿಡಿಯಬೇಕಾದ ಕಡೆ, ನಮ್ಮ ಮಕ್ಕಳು ಕೆಲಸ ಮಾಡಿದರು.

ಆ ಊರೇ ವ್ಯಾಪಾರದಿಂದ, ರಾಜಕೀಯದಿಂದ ಆದ ಊರು. ಕಿಂಗ್ಸ್ ಬೇ ಎಂಬ ಕಂಪನಿ ಅಲ್ಲಿ ಕಲ್ಲಿದ್ದಲು ತೆಗೆಯುತ್ತಿತ್ತು. 1962ರ ನವೆಂಬರ್ 5ರಂದು ಗಣಿಯಲ್ಲಿ ಸ್ಫೋಟವಾಗಿ 21 ಜನ ಸತ್ತರು. ಸರ್ಕಾರದ ಗಣಿ. ಮುಂದಿನ ವರ್ಷ ಅದೇ ಕಾರಣಕ್ಕೆ ನಾರ್ವೆಯ ಪ್ರಧಾನಿ ಗೆರ್ಹಾರ್ಡ್‌ಸೆನ್‌ರ ಸರ್ಕಾರವೇ ಬಿತ್ತು. ದೂರದ ಹಿಮದಲ್ಲಿ ಆದ ಒಂದು ಸಾವಿಗೆ ರಾಜಧಾನಿಯಲ್ಲಿ ಕೂತವರು ಉತ್ತರ ಹೇಳಬೇಕು ಅನ್ನುವುದನ್ನು ಆ ದೇಶ ಹಾಗೆ ಕಲಿಯಿತು. ಇವತ್ತು ಅದೇ ಕಿಂಗ್ಸ್ ಬೇ ಕಂಪನಿ ಆ ವಿಜ್ಞಾನದ ಊರನ್ನು ನೋಡಿಕೊಳ್ಳುತ್ತಿದೆ. ಅಲ್ಲೇ 1926ರ ಮೇ 11ರಂದು ನಾರ್ವೆಯ ಅಮುಂಡ್‌ಸೆನ್, ಅಮೆರಿಕದ ಎಲ್ಸ್‌ವರ್ತ್, ಇಟಲಿಯ ನೋಬಿಲೆ ಇದ್ದ ನಾರ್ಗೆ ವಾಯುನೌಕೆ ಹಾರಿದ್ದು. ಅದನ್ನು ಕಟ್ಟಿದ್ದ ಕಬ್ಬಿಣದ ಕಂಬ ಇನ್ನೂ ನಿಂತಿದೆ. ಆ ಹಾರಾಟ ಗೆದ್ದಿತು. ಧ್ರುವದ ಮೇಲೆ ಹಾರಿ ಅಲಾಸ್ಕಾದಲ್ಲಿ ಇಳಿದರು. ಆದರೆ ಯಾರ ಹೆಸರು ಮೊದಲು, ಸುದ್ದಿ ಬರೆಯುವ ಹಕ್ಕು ಯಾರಿಗೆ, ಗೌರವ ಇಟಲಿಯದ್ದೋ ನಾರ್ವೆಯದ್ದೋ ಅಂತ ಜಗಳವಾಗಿ ಸ್ನೇಹ ಮುರಿಯಿತು. ಯಾರ ಅಳತೆ ಯಾರದ್ದು, ವರದಿಯಲ್ಲಿ ಯಾರ ಹೆಸರು ಎಲ್ಲಿ ಬರುತ್ತದೆ ಅನ್ನುವುದನ್ನು ವಿಮಾನ ಹತ್ತುವ ಮೊದಲೇ ಬರೆದು ಸಹಿ ಹಾಕಿಸಿಬಿಡಿ. ಚಿಕ್ಕ ಸಂಶೋಧಕರಿಗೆ ಅದರಿಂದ ದೊಡ್ಡ ಉಪಕಾರ ಆಗುತ್ತದೆ.

ಇನ್ನು ನನ್ನ ದೊಡ್ಡ ಕೋರಿಕೆ.

ಪ್ರತಿ ತಂಡ ಹೊರಡುವಾಗ ನೀವು ಹೋಗುವವರ ಫೋಟೋ ಹಾಕುತ್ತೀರಿ. ಅದರ ಪಕ್ಕದಲ್ಲೇ ದಡದಲ್ಲಿ ಉಳಿಯುವ ಒಬ್ಬರ ಹೆಸರನ್ನೂ ಹಾಕಿ. ಆ ತಂಡ ಮರಳುವವರೆಗೆ ಅದರ ಉಗ್ರಾಣ, ಕಾಗದ, ದುಡ್ಡು, ಅನುಮತಿ ಎಲ್ಲವೂ ಅವರ ಕೈಯಲ್ಲಿರಲಿ. ಒಂದು ಪೆಟ್ಟಿಗೆ ಓಸ್ಲೋದಲ್ಲೋ ಸ್ವಾಲ್ಬಾರ್ಡ್‌ನ ಲಾಂಗ್‌ಇಯರ್‌ಬ್ಯೆನ್‌ನಲ್ಲೋ ಸಿಕ್ಕಿಕೊಂಡರೆ ಯಾರನ್ನೂ ಕೇಳದೆ ಅಲ್ಲೇ ದುಡ್ಡು ಕಟ್ಟಿ ಬಿಡಿಸುವ ಅಧಿಕಾರ ಅವರಿಗಿರಲಿ. ಒಬ್ಬರಿಗೆ ಕಾಯಿಲೆಯಾದರೆ ವಿಮಾನ ಕರೆಸಲು ಮೂರು ಮೇಜು ದಾಟಬೇಕಾಗಬಾರದು. ತಂಡ ಹಿಂದೆ ಬರುವವರೆಗೆ ಅವರನ್ನು ವರ್ಗ ಮಾಡಬೇಡಿ. ಅಪ್ಪಣೆ ಒಂದೇ ಇರಲಿ, ಒಂದೇ ಸಹಿ ಇರಲಿ. ಲಕೋಟೆಯಲ್ಲಿ ಎರಡನೇ ಹಾಳೆ ಬೇಡ. ಹೋಗುವವರ ಮನೆಯವರಿಗೆ ಆ ದಡದವರ ಫೋನ್ ನಂಬರ್ ಕೊಡಿ, ಮತ್ತು ಆ ಫೋನನ್ನು ರಾತ್ರಿ ಎರಡು ಗಂಟೆಗೂ ಯಾರಾದರೂ ಎತ್ತಲಿ. ಹೆನ್ರಿಯೆಟ್ಟಾ ಹಾಗೆ ಯಾರೂ ಪತ್ರಿಕೆಗಳಿಗೆ ಕಾಗದ ಬರೆದುಕೊಂಡು ಕೂರುವಂತಾಗಬಾರದು.

ಇದರಲ್ಲಿ ಎಷ್ಟೋ ನೀವು ಮಾಡುತ್ತಿರುವ ಕೆಲಸವೇ ಇರಬಹುದು. ಹಾಗಿದ್ದರೆ ಅದನ್ನು ನಮಗೂ ತೋರಿಸಿ. ಯಾತ್ರೆಯ ವರದಿಯಲ್ಲಿ ಗಾಳಿಯ ಲೆಕ್ಕ, ಉಪ್ಪಿನ ಲೆಕ್ಕ ಇರುವ ಹಾಗೆ ಉಗ್ರಾಣದ ಅಧ್ಯಾಯವೂ ಇರಲಿ. ಎಷ್ಟು ಪೆಟ್ಟಿಗೆ ಹೋಯಿತು, ಯಾವ ದಾರಿಯಲ್ಲಿ ಹೋಯಿತು, ಎಲ್ಲಿ ತಡವಾಯಿತು, ಮುಂದಿನ ಸಲ ಏನು ಬದಲಿಸಬೇಕು. ತಪ್ಪಾದದ್ದನ್ನೂ ಮುಚ್ಚಿಡದೆ ಬರೆಯಿರಿ. ಗ್ರೀಲಿಯ ಕಥೆ ಇವತ್ತು ನಮಗೆ ಉಪಯೋಗಕ್ಕೆ ಬರುತ್ತಿರುವುದು ಆ ವಿಚಾರಣೆಯ ಕಾಗದಗಳನ್ನು ಯಾರೂ ಸುಡಲಿಲ್ಲ ಅನ್ನುವ ಕಾರಣಕ್ಕೆ. ಮತ್ತು ಅದನ್ನು ಕನ್ನಡದಲ್ಲೂ ಕೊಡಿ. ವಿಜ್ಞಾನ ಓದದ ಹುಡುಗ ಹುಡುಗಿಯರಿಗೂ ಧ್ರುವ ಯಾತ್ರೆಯಲ್ಲಿ ಕೆಲಸ ಇದೆ ಅಂತ ಗೊತ್ತಾಗಲಿ. ಬಿಕಾಂ ಓದಿದವರಿಗೆ, ಬಂದರಿನಲ್ಲಿ ದುಡಿದವರಿಗೆ, ಕಾನೂನು ಓದಿದವರಿಗೆ. ಆ ದ್ವೀಪಗಳು ಯಾರದ್ದು ಅಂತ ತೀರ್ಮಾನಿಸಿದ ಸ್ವಾಲ್ಬಾರ್ಡ್ ಒಪ್ಪಂದ 1920ರಲ್ಲಿ ಪ್ಯಾರಿಸ್‌ನಲ್ಲಿ ಆದಾಗ, ಆಗ ಬ್ರಿಟಿಷರ ಕೈಯಲ್ಲಿದ್ದ ಭಾರತದ ಹೆಸರಿನಲ್ಲೂ ಸಹಿ ಬಿದ್ದಿತ್ತು. ಆ ಒಪ್ಪಂದವನ್ನು ಸಾಲು ಸಾಲಾಗಿ ಓದಿ ಅರ್ಥ ಮಾಡಿಕೊಳ್ಳುವ ವಕೀಲರು ನಮ್ಮ ಊರುಗಳಲ್ಲೂ ಹುಟ್ಟಲಿ.

ನಮ್ಮ ಧಕ್ಕೆಯಲ್ಲಿ ಬೋಟು ಸಮುದ್ರಕ್ಕೆ ಇಳಿಯುವ ಮೊದಲು ಡೀಸೆಲ್ ಎಷ್ಟು, ಐಸ್ ಎಷ್ಟು, ಅಕ್ಕಿ ಎಷ್ಟು, ಎಷ್ಟು ಜನ ಅಂತ ದಡದಲ್ಲಿ ಒಬ್ಬರು ಬರೆದುಕೊಳ್ಳುತ್ತಾರೆ. ಬೋಟು ಬರುವವರೆಗೆ ಆ ಪುಸ್ತಕ ಮುಚ್ಚುವುದಿಲ್ಲ. ಅಕ್ಕನ ಮೊಮ್ಮಗಳು ಅರ್ಜಿ ಹಾಕುವ ಹೊತ್ತಿಗೆ, ನಿಮ್ಮಲ್ಲಿ ಅಂಥ ಪುಸ್ತಕ ಯಾರ ಕೈಯಲ್ಲಿದೆ ಅಂತ ನಾನು ಅವಳಿಗೆ ಹೆಸರು ಹಿಡಿದು ಹೇಳುವಂತಾಗಬೇಕು. ನಿಮ್ಮ ಉತ್ತರಕ್ಕೆ ಕಾಯುತ್ತೇನೆ.

ಇತಿ,
ಮಂಗಳೂರಿನ ಒಬ್ಬ ನಿವೃತ್ತ ಬಂದರು ಗುಮಾಸ್ತ